ಮೈಕಿನಲ್ಲಿ ಹೇಳಿದ್ದು ಕಿವಿಮಾತಲ್ಲ

ಕೊಪ್ಪಳದಲ್ಲಿ ಸಭೆ ಸಮಾರಂಭಗಳ ವರದಿ ಬರೆಯಲು ಹೊಸದಾಗಿ ಬರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಸರ್, ಇವರು ಮಾತನಾಡಿದ್ದನ್ನು ಏನೆಂದು ಬರೆಯಲಿ?’ ಹದಿನೆಂಟು ವರ್ಷ ವೇದಿಕೆಗಳ ಮುಂದೆ ಮೂರನೇ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ನೀತಿಯ ಮಾತುಗಳನ್ನು ಬರೆದುಕೊಂಡವನು ನಾನು. ಆ ಮಾತುಗಳಿಂದ ನಾನೆಷ್ಟು ಸುಧಾರಿಸಿದೆನೋ ನನ್ನ ಹೆಂಡತಿಯನ್ನು ಕೇಳಬೇಕು. ಅವುಗಳ ಹೆಸರುಗಳನ್ನು ಮಾತ್ರ ಚೆನ್ನಾಗಿ ಕಲಿತಿದ್ದೇನೆ.

ಹೆಸರಿಡುವ ಮೊದಲು ಒಂದು ಸಂಗತಿ ನೋಡಿಕೊಳ್ಳಿ. ಕೇಳಬೇಕೆಂದು ಜನ ಬಂದರೋ, ಹೇಳಬೇಕೆಂದು ಇವರು ಬಂದರೋ?

ಜನ ತಾವಾಗಿ ಬಂದು, ಚಾಪೆ ಹಾಸಿಕೊಂಡು, ದಿನವೂ ಸಂಜೆ ಕುಳಿತು ಕೇಳಿದರೆ ಅದು ಪ್ರವಚನ. ಅದಕ್ಕೊಂದು ಗ್ರಂಥವೋ ಶರಣರ ಚರಿತ್ರೆಯೋ ಆಧಾರವಾಗಿರುತ್ತದೆ. ನಮ್ಮ ಕಡೆ ಶ್ರಾವಣ ಬಂದರೆ ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಪುರಾಣಿಕರ ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ ಇರುತ್ತವೆ, ಕೊನೆಯ ದಿನ ಪುರಾಣ ಮಂಗಲವಾಗುತ್ತದೆ. ಇದನ್ನು ‘ಉಪನ್ಯಾಸ’ ಎಂದು ಬರೆದರೆ ಕಾಲೇಜಿನ ಕೊಠಡಿಯ ವಾಸನೆ ಬರುತ್ತದೆ. ಮಠಾಧೀಶರು ಸಭೆಯ ಕೊನೆಗೆ ಆಡುವುದು ಆಶೀರ್ವಚನ. ಹೊಸಬನಾಗಿದ್ದಾಗ ನಾನು ‘ಸ್ವಾಮೀಜಿ ಭಾಷಣ ಮಾಡಿದರು’ ಎಂದು ಬರೆದುಬಿಟ್ಟೆ. ಮರುದಿನ ಬೆಳಿಗ್ಗೆ ಚಹಾ ಕುಡಿಯುವಷ್ಟರಲ್ಲಿ ಹನ್ನೊಂದು ಫೋನು ಬಂದಿದ್ದವು. ಶುಕ್ರವಾರ ಮಸೀದಿಯಲ್ಲಿ ನಡೆಯುವುದು ಬಯಾನ್, ಚರ್ಚಿನಲ್ಲಿ ಪ್ರಸಂಗ ಅಥವಾ ಪ್ರಬೋಧನೆ. ಅವರವರು ಏನೆನ್ನುತ್ತಾರೆ ಎಂದು ಅವರನ್ನೇ ಕೇಳಿಕೊಂಡು ಬರೆಯಿರಿ, ಎಲ್ಲಕ್ಕೂ ಪ್ರವಚನದ ಶಾಲು ಹೊದಿಸಬೇಡಿ.

ಉಪದೇಶ ಎಂಬುದು ಗುರುವಿನಿಂದ ಶಿಷ್ಯನಿಗೆ ಹೋಗುವಾಗ ದೊಡ್ಡ ಪದ. ಅದೇ ಪದ ಅಡುಗೆಮನೆಗೆ ಬಂದು ‘ನನಗೆ ಉಪದೇಶ ಮಾಡಬೇಡಿ’ ಎಂದಾದರೆ ಬಾಗಿಲು ಮುಚ್ಚಿದ ಸದ್ದು. ಬುದ್ಧಿವಾದಕ್ಕೆ ಮುಂಚೆ ಒಂದು ತಪ್ಪು ನಡೆದಿರಲೇಬೇಕು. ‘ಶಾಸಕರು ವಿದ್ಯಾರ್ಥಿಗಳಿಗೆ ಬುದ್ಧಿವಾದ ಹೇಳಿದರು’ ಎಂದು ಬರೆದರೆ, ಮಕ್ಕಳು ಏನೋ ಕಿತಾಪತಿ ಮಾಡಿ ಸಿಕ್ಕಿಬಿದ್ದಿದ್ದಾರೆ ಎಂದು ಓದುಗ ಒಳಗಿನ ಪುಟ ಹುಡುಕುತ್ತಾನೆ. ಹಿತನುಡಿಯಿಂದ ಯಾರಿಗೂ ತೊಂದರೆ ಇಲ್ಲ. ನನ್ನ ಜಗಳ ಇರುವುದು ಕಿವಿಮಾತಿನ ಜೊತೆ. ಕಿವಿಮಾತು ಎಂದರೆ ಪಕ್ಕಕ್ಕೆ ಕರೆದು, ತಲೆ ಬಗ್ಗಿಸಿ, ಇನ್ನೊಬ್ಬರಿಗೆ ಕೇಳಿಸದಂತೆ ಹೇಳಿದ್ದು. ನಮ್ಮ ಪತ್ರಿಕೆಗಳಲ್ಲಿ ದಿನಕ್ಕೆ ನಾಲ್ಕು ಜನರಾದರೂ ಕಿವಿಮಾತು ಹೇಳುತ್ತಾರೆ, ಅದೂ ಎರಡು ಧ್ವನಿವರ್ಧಕಗಳ ಮೂಲಕ, ಪಕ್ಕದ ಓಣಿಗೂ ಕೇಳುವಂತೆ. ಅಂಥ ಕಡೆ ‘ಹೇಳಿದರು’ ಎಂದು ಬರೆಯಿರಿ. ‘ಹೇಳಿದರು’ ಎಂಬ ಪದ ಎಂದೂ ಯಾರ ಮಾನವನ್ನೂ ಕಳೆದಿಲ್ಲ.

ಇನ್ನು ಅಚ್ಚಿಗೆ ಹೋಗದ ಪದಗಳು. ಕೇಳುವವರಿಗೆ ಬೇಡವಾದ ನೀತಿಗೆ ಕನ್ನಡ ಬಡತನ ತೋರಿಸಿಲ್ಲ. ತಲೆ ತಿನ್ನುವುದು, ಹರಿಕಥೆ ಮಾಡುವುದು, ಭಾಷಣ ಬಿಗಿಯುವುದು, ಪುರಾಣ ಬಿಚ್ಚುವುದು ಎಲ್ಲವೂ ಇವೆ. ಹೇಳಿದಂತೆ ನಡೆಯದವನಿಗೆ ಪುರಾಣದ ಬದನೆಕಾಯಿ ಇದೆ. ಶಾಸ್ತ್ರ ಹೇಳುತ್ತಲೇ ಗಾಳ ಇಕ್ಕುವವನಿಗೂ ಗಾದೆ ಸಿದ್ಧವಾಗಿದೆ. ನನಗೆ ಪ್ರಿಯವಾದದ್ದು ಕೊರೆತ. ಮರಕ್ಕೆ ಹುಳು ಹತ್ತಿದಂತೆ, ನಿಧಾನವಾಗಿ, ಒಂದೇ ಕಡೆ. ಒಮ್ಮೆ ಒಂದು ಬೀಳ್ಕೊಡುಗೆ ಸಮಾರಂಭದಲ್ಲಿ ಮುಖ್ಯ ಅತಿಥಿಯ ಸಹಾಯಕ ನನ್ನ ಬಳಿ ಬಂದು, ಸಾಹೇಬರ ಹೆಸರು ಸರಿಯಾಗಿ ಬರೆದುಕೊಂಡಿದ್ದೀರಾ ಎಂದು ನೋಟ್‌ಪುಸ್ತಕ ತೆಗೆದುಕೊಂಡ. ಹೆಸರು ಸರಿಯಾಗಿಯೇ ಇತ್ತು. ಅದರ ಕೆಳಗೆ ‘ಕೊರೆತ ಆರಂಭ 11.40’ ಎಂದಿತ್ತು. ಆತ ಓದಿದ, ನನ್ನ ಮುಖ ನೋಡಿದ, ಪುಸ್ತಕ ಹಿಂದಿರುಗಿಸಿ ಮೆಲ್ಲಗೆ, ‘ಇವತ್ತು ಬೇಗ ಶುರುವಾಗಿದೆ’ ಎಂದ. ಅಷ್ಟು ವರ್ಷಗಳಲ್ಲಿ ನಾನು ಕೇಳಿದ ನಿಜವಾದ ಕಿವಿಮಾತು ಅದೊಂದೇ.

ಬಳಸಿ ಬಳಸಿ ದಣಿದ ಮಾತುಗಳಿಗೆ ಬೇರೆ ಹೆಸರುಗಳಿವೆ, ಅವನ್ನು ಬೆರೆಸಬಾರದು. ಸವಕಲು ಎನ್ನುವುದು ನಾಣ್ಯಕ್ಕೆ ಹೇಳುವ ಮಾತು. ಒಂದು ಕಾಲಕ್ಕೆ ಚಲಾವಣೆಯಲ್ಲಿದ್ದು, ಸಾವಿರ ಕೈ ದಾಟಿ ಮುದ್ರೆ ಅಳಿಸಿಹೋದದ್ದು. ‘ಕೈ ಕೆಸರಾದರೆ ಬಾಯಿ ಮೊಸರು’ ಸವಕಲು, ಆದರೆ ಒಳಗಿನ ಲೋಹ ಚೊಕ್ಕವಾಗಿದೆ. ಹಳಸಲು ಅನ್ನಕ್ಕೆ ಹೇಳುವುದು, ಅದರಲ್ಲಿ ವಾಸನೆಯ ದೂರು ಇದೆ. ಕ್ರೀಡಾಕೂಟದ ಉದ್ಘಾಟನೆಯಲ್ಲಿ ತಪ್ಪದೆ ಬರುವ ‘ಸೋಲು ಗೆಲುವು ಸಹಜ’ ಈ ಜಾತಿಯದು, ಸೋತ ಹುಡುಗಿಗೆ ಅದರಿಂದ ಒಂದು ಲೋಟ ನೀರಿನಷ್ಟೂ ಉಪಯೋಗವಿಲ್ಲ. ಒಬ್ಬರೇ ಒಂದೇ ಮಾತನ್ನು ಮತ್ತೆ ಮತ್ತೆ ಅಗಿದರೆ ಚರ್ವಿತಚರ್ವಣ, ಅವರನ್ನು ಜನ ಹಾಡಿದ್ದನ್ನೇ ಹಾಡುವ ಕಿಸಬಾಯಿ ದಾಸ ಎನ್ನುತ್ತಾರೆ. ಅರ್ಥ ತಿಳಿಯದೆ ಒಪ್ಪಿಸಿದರೆ ಗಿಳಿಪಾಠ. ಕ್ಲೀಷೆ ಎಂಬುದನ್ನು ವಿಮರ್ಶಕರಿಗೆ ಬಿಡಿ.

ವೇದಿಕೆ ಹತ್ತುವವರು ಸವಕಲು ಮಾತನ್ನು ಬಿಡಬೇಕಾಗಿಲ್ಲ, ಅದರ ಹಿಂದಿನ ವಾಕ್ಯವನ್ನು ಹುಡುಕಿದರೆ ಸಾಕು. ನಮ್ಮ ಭಾಗದಲ್ಲಿ ಅತಿ ಹೆಚ್ಚು ಸವೆದ ಮಾತು ‘ಕಾಯಕವೇ ಕೈಲಾಸ’. ಕಚೇರಿಯ ಗೋಡೆಯಿಂದ ಲಾರಿಯ ಹಿಂಭಾಗದವರೆಗೆ ಎಲ್ಲ ಕಡೆ ಇದೆ. ಭಾಷಣಕಾರರು ಬಸವಣ್ಣನವರ ಹೆಸರಿನಲ್ಲಿ ಅದನ್ನು ಹೇಳಿ, ನೌಕರರು ಸಮಯಕ್ಕೆ ಸರಿಯಾಗಿ ಬರಬೇಕು ಎಂಬಲ್ಲಿಗೆ ತಂದು ಮುಗಿಸುತ್ತಾರೆ. ಈ ಮಾತು ಸಿಗುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಆತ ದೂರದವನಲ್ಲ, ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಕಡೆಯವನು, ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡಿದವನು. ಕೈಲಾಸಕ್ಕೆ ಮುಂಚೆ ಆತ ಹೇಳುವುದೇನು? ಕಾಯಕದಲ್ಲಿ ಮುಳುಗಿದ್ದರೆ ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮನೇ ಎದುರು ನಿಂತರೂ ಹಂಗು ಹರಿಯಬೇಕು. ಇಷ್ಟನ್ನು ಸೇರಿಸಿ ಹೇಳಿ ನೋಡಿ. ಮುಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿದ್ದವರು ತಲೆ ಎತ್ತುತ್ತಾರೆ, ಅಧ್ಯಕ್ಷತೆ ವಹಿಸಿದವರು ಸ್ವಲ್ಪ ಅತ್ತಿತ್ತ ಸರಿಯುತ್ತಾರೆ.

ಉಪದೇಶವನ್ನು ಎಲ್ಲಿಂದ ಆರಂಭಿಸಬೇಕು ಎಂಬುದಕ್ಕೂ ನಮ್ಮೂರಿನಲ್ಲೇ ಮಾದರಿ ಇದೆ. ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನವಿದೆ, ಸಮೀಪದ ಪಾಲ್ಕಿಗುಂಡಿನಲ್ಲಿ ಅದೇ ಪಾಠದ ಇನ್ನೊಂದು ಪ್ರತಿ ಬಹಳ ಸವೆದುಹೋಗಿದೆ. ಎರಡೂ ಕ್ರಿಸ್ತಪೂರ್ವ 3ನೇ ಶತಮಾನದವು, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಚಿಕ್ಕವರೂ ದೊಡ್ಡವರೂ ಪ್ರಯತ್ನಪಡಲಿ ಎನ್ನುವುದು ಅದರ ಬೋಧೆ. ಆದರೆ ಅರಸ ಮೊದಲಿಗೇ ಒಪ್ಪಿಕೊಳ್ಳುತ್ತಾನೆ: ನಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಆರಂಭದಲ್ಲಿ ನಾನೂ ಅಷ್ಟೇನೂ ಪ್ರಯತ್ನಪಡಲಿಲ್ಲ. ಇಷ್ಟು ಜನರ ಮಾತು ಕೇಳಿದ್ದೇನೆ, ತನ್ನ ಸೋಮಾರಿತನದಿಂದ ಮಾತು ತೆಗೆದ ಅತಿಥಿ ಇನ್ನೂ ನನಗೆ ಸಿಕ್ಕಿಲ್ಲ.

ನೋಟ್‌ಪುಸ್ತಕದ ಬಗ್ಗೆ ಕೊನೆಯದೊಂದು ಸೂಚನೆ ಉಳಿದಿದೆ. ಅಂದಿನಿಂದ ನಾನು ವೇಳೆಯ ಮುಂದೆ ಬರೀ ‘ಕೊ’ ಎಂದು ಗುರುತು ಹಾಕಿಕೊಳ್ಳುತ್ತೇನೆ. ಯಾರಾದರೂ ಕೇಳಿದರೆ ಕೊಪ್ಪಳ ಎನ್ನುತ್ತೇನೆ.