ಗುಡ್ಡದ ಕೇಪಳದಿಂದ ತಂಬುಳಿ, ಎಣ್ಣೆ ಮಾಡುವುದು ಹೀಗೆ

ಕರಾವಳಿ ಮತ್ತು ಮಲೆನಾಡಿನ ಮುರಕಲ್ಲು ಗುಡ್ಡಗಳಲ್ಲಿ ಯಾರೂ ನೆಡದೆ, ನೀರು ಹಾಕದೆ ಬೆಳೆಯುವ ಪೊದೆ ಕೇಪಳ. ತುಳುವರಿಗೆ ಕೇಪುಳ, ಕೆಲವೆಡೆ ಗುಡ್ಡೆದಾಸವಾಳ. ದೇವಿ ಪೂಜೆಗೆ ಕೆಂಪು ಹೂ ಬೇಕಾದಾಗ ಎಲ್ಲರಿಗೂ ಇದರ ನೆನಪಾಗುತ್ತದೆ. ಅಡುಗೆಮನೆಗೆ ಬರುವುದು ಮಾತ್ರ ಯಾರಿಗಾದರೂ ಹೊಟ್ಟೆ ಕೆಟ್ಟಾಗ. ಬೇಸಿಗೆಯ ಊಟಕ್ಕೆ ಸುಮ್ನೆ ಮಾಡಿಕೊಂಡರೂ ಇದರ ತಂಬುಳಿ ಬಲು ರುಚಿ.

ಮೊದಲು ಗಿಡ ಗುರುತಿಸಿ. ನರ್ಸರಿಯ ಗಿಡ್ಡ ಕೇಪಳ, ಹಳದಿ ಕೇಪಳ ಬೇಡ. ಅವಕ್ಕೆ ಕೀಟನಾಶಕ ಹೊಡೆದಿರುವುದೇ ಜಾಸ್ತಿ. ಗುಡ್ಡದ ಕೇಪಳದ ಎಲೆ ದಪ್ಪ, ತೊಟ್ಟು ಇಲ್ಲವೇ ಇಲ್ಲ ಅನ್ನುವಷ್ಟು ಗಿಡ್ಡ, ಜೋಡಿಜೋಡಿಯಾಗಿ ಎದುರುಬದುರು. ಹೂವಿಗೆ ಕಡ್ಡಿಯಂಥ ಉದ್ದ ಕೊಳವೆ, ತುದಿಯಲ್ಲಿ ಚೂಪಾದ 4 ಎಸಳು. ಕೊಳವೆಯ ಬುಡ ಚೀಪಿದರೆ ಸಿಹಿ. ಸಂಶಯವಿದ್ದರೆ ಗೊತ್ತಿದ್ದವರನ್ನು ಕೇಳಿಯೇ ಕೊಯ್ಯಿರಿ.

ತಂಬುಳಿಗೆ ಬೇಕಾದ್ದು ಕುಡಿ, ಅಂದರೆ ಕೊಂಬೆ ತುದಿಯ ಎಳೆ ಚಿಗುರು. ಉಗುರಿನಿಂದ ಚಿವುಟಿದರೆ ತಟ್ಟನೆ ಮುರಿಯಬೇಕು. ನಾರು ಎಳೆದುಕೊಂಡು ಬಂದರೆ ಅದು ಬಲಿತದ್ದು, ಬಿಡಿ. ನಾಲ್ಕು ಜನಕ್ಕೆ ಒಂದು ಹಿಡಿ ಸಾಕು.

ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹುರಿಯಿರಿ. ಜೀರಿಗೆ ಚಟಪಟ ಅಂದಮೇಲೆ ತೊಳೆದ ಕುಡಿ ಹಾಕಿ, ಬಾಡಿ ಬಣ್ಣ ಮಾಸುವವರೆಗೆ ಬಾಡಿಸಿ. ಇಲ್ಲಿ ಅವಸರ ಬೇಡ. ಹಸಿ ಉಳಿದರೆ ಒಗರು ನಾಲಿಗೆಗೆ ಹಿಡಿಯುತ್ತದೆ. ಆರಿದ ಮೇಲೆ ಅರ್ಧ ಕಪ್ ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ. ಎರಡು ಕಪ್ ಮಜ್ಜಿಗೆ, ಉಪ್ಪು ಬೆರೆಸಿ, ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಡಿ. ಕುದಿಸಬಾರದು, ಮಜ್ಜಿಗೆ ಒಡೆದುಹೋಗುತ್ತದೆ. ಹೊಟ್ಟೆ ಸರಿಯಿಲ್ಲದವರಿಗೆ ಒಗ್ಗರಣೆಯ ಮೆಣಸು ಬಿಟ್ಟು, ಮೆತ್ತಗಿನ ಅನ್ನದ ಜೊತೆ ಬಡಿಸಿ.

ಆ ಒಗರಿಗೆ ಕಾರಣ ಟ್ಯಾನಿನ್. ಬೇಧಿಗೆ ಹಳಬರು ಇದನ್ನು ಕೊಡುತ್ತಿದ್ದುದರ ಹಿಂದೆ ಇರುವುದೂ ಅದೇ ಒಗರು ಗುಣ. ಆದರೆ ಮಲದಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಮಗು ಸುಸ್ತಾಗಿ ಮೂತ್ರ ಕಡಿಮೆಯಾದರೆ ತಂಬುಳಿ ನೆಚ್ಚಿ ಕೂರಬೇಡಿ. ಓಆರ್‌ಎಸ್ ಕುಡಿಸುತ್ತಾ ಡಾಕ್ಟರ ಹತ್ತಿರ ಹೋಗಿ.

ಹೂವಿನ ಎಣ್ಣೆ ಇನ್ನೊಂದು ಹಳೇ ಬಳಕೆ. ಕೇರಳದಲ್ಲೂ ಮಕ್ಕಳ ಮೈಗೆ ಹಚ್ಚುವುದುಂಟು. ಒಂದು ಹಿಡಿ ಹೂವನ್ನು ನೆರಳಲ್ಲಿ ಬಾಡಿಸಿ, ಒಂದು ಕಪ್ ತೆಂಗಿನೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ. ಶುರುವಿನಲ್ಲಿ ಚರಚರ ಸದ್ದು, ಸಣ್ಣ ಗುಳ್ಳೆ. ನೀರಿನಂಶ ಹೋದಂತೆ ಸದ್ದು ಅಡಗುತ್ತದೆ. ಆಗಲೇ ಇಳಿಸಿ, ಹೂ ಕಪ್ಪಾಗುವವರೆಗೆ ಕಾಯಬೇಡಿ. ನೀರು ಉಳಿದರೂ ಎಣ್ಣೆ ಬೇಗ ಕಮಟಾಗುತ್ತದೆ. ಸೋಸಿ ಒಣ ಬಾಟಲಿಗೆ ತುಂಬಿ. ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ, ತುರಿಕೆಯಾಗದಿದ್ದರೆ ಬಳಸಿ. ಕೀವಾದ, ಒಡೆದ ಗಾಯಕ್ಕೆ ಹಚ್ಚುವುದು ಬೇಡ.

ಗುಡ್ಡ ಹತ್ತಿರವಿಲ್ಲದವರು ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ ಕಡ್ಡಿ ತಂದು ಕುಂಡದಲ್ಲಿ ಊರಬಹುದು. ಕೇಪಳಕ್ಕೆ ಹುಳಿ ಮಣ್ಣೇ ಇಷ್ಟ. ಸಿಮೆಂಟ್ ಗೋಡೆಯ ಬುಡದಲ್ಲಿ ನೆಟ್ಟರೆ, ಗಡಸು ಬೋರ್‌ವೆಲ್ ನೀರನ್ನೇ ಹಾಕುತ್ತಿದ್ದರೆ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಅದು ಕಬ್ಬಿಣದ ಕೊರತೆ. ಕೊಟ್ಟಿಗೆ ಗೊಬ್ಬರ, ತರಗೆಲೆ ಹಾಕಿ, ಸಾಧ್ಯವಾದರೆ ಮಳೆನೀರು ಕೊಡಿ.