ಹೆಡ್‌ನಲ್ಲಿ ಸ್ಟಡ್ ಮುರಿದರೆ ಮೊದಲು ತೂತು ಉಳಿಸಿ

ಮಾರುತಿ 800ರ ಹೆಡ್, ಅಂದರೆ ಎಂಜಿನ್ನಿನ ಮೇಲ್ಭಾಗ, ಅಲ್ಯೂಮಿನಿಯಂ. ಅದಕ್ಕೆ ಕೂರುವ, ಹೊಗೆಯನ್ನು ಸೈಲೆನ್ಸರ್ ಕಡೆಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೀಡು ಕಬ್ಬಿಣದ್ದು. ಎರಡನ್ನೂ ಹಿಡಿದಿಡುವ ಸ್ಟಡ್ (ಎರಡೂ ತುದಿಯಲ್ಲಿ ಥ್ರೆಡ್ ಇರುವ ತಲೆಯಿಲ್ಲದ ಬೋಲ್ಟ್) ಉಕ್ಕಿನದು. ಕಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ದಿನಾ ಕಾಯುವುದು, ತಣಿಯುವುದು. ಸ್ಟಡ್ ದಣಿಯದೆ ಇರುತ್ತದಾ? ಅದರಲ್ಲೂ ಎರಡು ತುದಿಯ ಸ್ಟಡ್‌ಗಳೇ ಮೊದಲು ಹೋಗುತ್ತವೆ, ಯಾಕೆಂದರೆ ಮ್ಯಾನಿಫೋಲ್ಡ್ ಜಾಸ್ತಿ ಜರುಗುವುದು ತುದಿಗಳಲ್ಲಿ. ಶಿವಮೊಗ್ಗದ ನಮ್ಮ ಗ್ಯಾರೇಜಿಗೆ ಹೊಸನಗರ, ಆಗುಂಬೆ ಕಡೆಯ ಗಾಡಿಗಳು ಬರುತ್ತವೆ. ಮಳೆಗಾಲದಲ್ಲಿ ಕಾದ ಮ್ಯಾನಿಫೋಲ್ಡ್‌ಗೆ ನೀರು ಚಿಮ್ಮಿ ಚಿಮ್ಮಿ ನಟ್ಟು, ಸ್ಟಡ್ಡು ಎರಡೂ ತುಕ್ಕಿನಲ್ಲಿ ಒಂದಾಗಿರುತ್ತವೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು, ಎಂಜಿನ್ ಕಾದ ಮೇಲೆ ಸದ್ದು ಕಡಿಮೆ, ಮ್ಯಾನಿಫೋಲ್ಡ್ ಪ್ಯಾಕಿಂಗ್ (ಗ್ಯಾಸ್ಕೆಟ್) ಪಕ್ಕ ಕಪ್ಪು ಮಸಿ. ಇಷ್ಟಿದ್ದರೆ ಮೊದಲು ಮ್ಯಾನಿಫೋಲ್ಡ್ ನೋಡಿ. ತುಂಬಾ ಜನ ಇದನ್ನು ಟ್ಯಾಪೆಟ್ ಸದ್ದು ಅಂದುಕೊಂಡು ಸುಮ್ನೆ ಟ್ಯಾಪೆಟ್ ಬಿಚ್ಚಿಸುತ್ತಾರೆ.

ಕೆಲಸ ಶುರು ಮಾಡುವ ಮುಂಚೆ ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ಮುರಿದ ಸ್ಟಡ್‌ಗೆ ಬದಲಿ ಯಾವುದೇ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ. ತೂತು ಕೆಟ್ಟರೆ ಹೆಡ್ಡೇ ಲೇತ್ ಅಂಗಡಿಗೆ ಹೋಗಬೇಕು. ಆದ್ದರಿಂದ ತೂತಿಗೆ ಏನೂ ಹಾನಿ ಮಾಡದ ದಾರಿಯನ್ನೇ ಮೊದಲು ಹಿಡಿಯಬೇಕು. ಡ್ರಿಲ್ ಮಷಿನ್ ಕೊನೆಗೆ.

ಸ್ಟಡ್ ಇನ್ನೂ ಹೊರಗೆ ಚಾಚಿದ್ದರೆ ನಿಮ್ಮ ಅದೃಷ್ಟ. ಬುಡವನ್ನು ವೈರ್ ಬ್ರಶ್‌ನಲ್ಲಿ ತಿಕ್ಕಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ರಾತ್ರಿಯಿಡೀ ಹಾಗೇ ಇಡಿ. ನಾನು ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಎಣ್ಣೆ ಮತ್ತು ಅಸಿಟೋನ್ ಸಮಸಮ ಬೆರೆಸಿ ಬಳಸುತ್ತೇನೆ. ಅಸಿಟೋನ್ ತಕ್ಷಣ ಬೆಂಕಿ ಹಿಡಿಯುತ್ತದೆ, ಅದು ಪೂರ್ತಿ ಆರುವ ತನಕ ಕಾಯಿಸುವ ಗ್ಯಾಸ್ ಟಾರ್ಚ್ ಹತ್ತಿರ ತರಬೇಡಿ. ಮಾರನೇ ದಿನ ಸ್ಟಡ್‌ನ ಸುತ್ತಲಿನ ಹೆಡ್ ಕಾಯಿಸಿ, ತುದಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಹುಷಾರು, ಅಲ್ಯೂಮಿನಿಯಂ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ, ಬಣ್ಣ ಬದಲಾಗದೆ ಕರಗಿಬಿಡುತ್ತದೆ. ಜ್ವಾಲೆ ಒಂದೇ ಕಡೆ ನಿಲ್ಲಿಸಬೇಡಿ. ಥ್ರೆಡ್ ಉಳಿದಿದ್ದರೆ ಎರಡು ನಟ್ ಹಾಕಿ, ಒಂದಕ್ಕೊಂದು ಬಿಗಿದು, ಒಳಗಿನ ನಟ್‌ಗೆ ಸ್ಪ್ಯಾನರ್ ಕೊಟ್ಟು ತಿರುಗಿಸಿ. ಒಂದೇ ಸಮ ಬಿಚ್ಚಬೇಡಿ. ಸ್ವಲ್ಪ ಬಿಚ್ಚಿ, ಸ್ವಲ್ಪ ಬಿಗಿ ಮಾಡಿ, ಮತ್ತೆ ಬಿಚ್ಚಿ. ಪುಡಿಯಾದ ತುಕ್ಕು ಹೊರಗೆ ಬರಲು ಜಾಗ ಬೇಕಲ್ವಾ?

ಸ್ಟಡ್ ಹೆಡ್‌ನ ಸಮಮಟ್ಟಕ್ಕೆ ಮುರಿದಿದ್ದರೆ ನನ್ನ ನಂಬಿಕೆ ವೆಲ್ಡಿಂಗ್ ಮೇಲೆ. ಸ್ಟಡ್ ಮೇಲೆ ಒಂದು ವಾಶರ್ ಇಟ್ಟು, ವಾಶರ್ ತೂತಿನೊಳಗಿಂದ ಸ್ಟಡ್‌ಗೆ ಮಿಗ್ ವೆಲ್ಡ್ ತುಂಬಿಸಿ, ಅದರ ಮೇಲೆ ನಟ್ ಇಟ್ಟು ಮತ್ತೆ ವೆಲ್ಡ್ ಮಾಡಿ. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಹಿಡಿಯುವುದಿಲ್ಲ, ಅದೇ ಇಲ್ಲಿನ ಅನುಕೂಲ. ಆ ಕಾವಿಗೆ ಸ್ಟಡ್ ಹಿಗ್ಗಿ ತುಕ್ಕನ್ನು ಪುಡಿ ಮಾಡುತ್ತದೆ, ತಣಿಯುವಾಗ ಕುಗ್ಗಿ ಸಂದು ಬಿಡುತ್ತದೆ. ಕೆಂಪು ಹೋದ ಮೇಲೆ ಬುಡಕ್ಕೆ ಮೇಣದಬತ್ತಿ ಮುಟ್ಟಿಸಿ, ಮೇಣ ಕರಗಿ ಒಳಗೆ ಇಳಿಯಲಿ. ಆಮೇಲೆ ಆಚೆ ಈಚೆ ಅಲ್ಲಾಡಿಸುತ್ತಾ ಬಿಚ್ಚಿ. ಮೊದಲ ಸಲ ವೆಲ್ಡ್ ಕಿತ್ತು ಬಂದರೆ ಬೇಸರ ಬೇಡ, ಇನ್ನೊಮ್ಮೆ ಹಾಕಿ. ಪ್ರತಿ ಸಲವೂ ತುಕ್ಕು ಇನ್ನಷ್ಟು ಸಡಿಲವಾಗುತ್ತದೆ. ಹೆಡ್ ಗಾಡಿಯಲ್ಲೇ ಇದ್ದರೆ ಬ್ಯಾಟರಿ ವೈರ್ ಬಿಚ್ಚಿಡಿ, ಇಂಜೆಕ್ಷನ್ ಗಾಡಿಯಾದರೆ ಇಸಿಯು (ಎಂಜಿನ್ ಕಂಪ್ಯೂಟರ್) ಕನೆಕ್ಟರ್ ಕೂಡ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸಿದ ಜಾಗಕ್ಕೆ ವೆಲ್ಡಿಂಗ್ ಬೇಡವೇ ಬೇಡ, ಅದರಿಂದ ಬರುವುದು ವಿಷಗಾಳಿ.

ಈಸಿ ಔಟ್, ಅಂದರೆ ಮುರಿದ ಸ್ಟಡ್‌ನಲ್ಲಿ ತೂತು ಕೊರೆದು ಒಳಗೆ ಕಚ್ಚಿಸಿ ತಿರುಗಿಸಿ ತೆಗೆಯುವ ಉಪಕರಣ, ಅದರ ಬಗ್ಗೆ ಕೇಳುತ್ತೀರಿ, ಗೊತ್ತು. ಕಚ್ಚಿಕೊಂಡ ಸ್ಟಡ್‌ಗೆ ನಾನು ಅದನ್ನು ಹಾಕುವುದಿಲ್ಲ. 8 ಮಿಮೀ ದಪ್ಪದ ಸ್ಟಡ್ಡೇ ತಿರುಚಿ ಮುರಿದಿದೆ. ಅದರೊಳಗೆ ಕೊರೆದ ಸಣ್ಣ ತೂತಿನಲ್ಲಿ ಕೂರುವ ತೆಳ್ಳನೆಯ ಕಡ್ಡಿ ಅದಕ್ಕಿಂತ ಜಾಸ್ತಿ ಬಲ ತಡೆಯುತ್ತದಾ? ಈಸಿ ಔಟ್ ಗಟ್ಟಿ ಉಕ್ಕು. ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆ. ಆಗ ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಎರೋಷನ್ ಮಷಿನ್ ಇರುವ ಕಡೆಗೇ ಹೋಗಬೇಕು.

ವೆಲ್ಡಿಂಗ್‌ಗೂ ಬಗ್ಗದಿದ್ದರೆ ಕೊರೆಯುವುದು. ಸ್ಟಡ್ ಮುಖವನ್ನು ಅರದಿಂದ ಸಪಾಟು ಮಾಡಿ, ನಟ್ಟನಡುವೆ ಸೆಂಟರ್ ಪಂಚ್ ಹೊಡೆಯಿರಿ. ಇಲ್ಲಿ ಅವಸರ ಮಾಡಿದರೆ ಎಲ್ಲ ಹಾಳು. ಬಿಟ್ ಒಂದಿಷ್ಟು ಸರಿದರೂ ಮೆತ್ತಗಿನ ಅಲ್ಯೂಮಿನಿಯಂ ಕಡೆಗೇ ಓಡುತ್ತದೆ. ಲೇತ್‌ನವರಿಂದ ಕೊಳವೆಯಂಥ ಒಂದು ಬುಶ್ ಮಾಡಿಸಿ: ಹೊರಗಿನ ಅಳತೆ ಮ್ಯಾನಿಫೋಲ್ಡ್ ತೂತಿಗೆ ಸರಿಯಾಗಿ, ಒಳಗೆ 3 ಮಿಮೀ. ಮ್ಯಾನಿಫೋಲ್ಡನ್ನು ಉಳಿದ ಸ್ಟಡ್‌ಗಳ ಮೇಲೆ ಕೂರಿಸಿ ಬುಶ್ ಒಳಗಿಂದ ಕೊರೆದರೆ ಬಿಟ್ ನೇರ ಹೋಗುತ್ತದೆ. ಆಮೇಲೆ 5 ಮಿಮೀ, ಕೊನೆಗೆ 6.5. ಎಡಗೈ (ಉಲ್ಟಾ ತಿರುಗಿ ಕೊರೆಯುವ) ಡ್ರಿಲ್ ಬಿಟ್ ಸಿಕ್ಕಿದರೆ ಅದನ್ನೇ ಬಳಸಿ, ಕೊರೆಯುವಾಗಲೇ ಸ್ಟಡ್ ತಿರುಗಿ ಹೊರಬರುವುದುಂಟು. ಕೆಲವು ಎಂಜಿನ್‌ಗಳಲ್ಲಿ ತೂತಿನ ಹಿಂದೆಯೇ ಕೂಲಂಟ್ ದಾರಿ ಇರುತ್ತದೆ. ಬಿಟ್‌ಗೆ ಟೇಪ್ ಸುತ್ತಿ ಆಳ ಗುರುತು ಮಾಡಿಕೊಳ್ಳಿ. ಉಳಿದ ತೆಳು ಉಕ್ಕನ್ನು ಮೊನಚು ಕಡ್ಡಿಯಿಂದ ಎಬ್ಬಿಸಿ ತೆಗೆದು, ಎಂ8 (8 ಮಿಮೀ), 1.25 ಪಿಚ್ ಟ್ಯಾಪ್‌ನಿಂದ (ಥ್ರೆಡ್ ಕಡಿಯುವ ಉಪಕರಣ) ಥ್ರೆಡ್ ಶುಚಿ ಮಾಡಿ. ಇಂಥ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಇದೇ ಅಳತೆ. ಆದರೂ ಪಕ್ಕದ ಸ್ಟಡ್‌ಗೆ ಥ್ರೆಡ್‌ಗಳ ಅಂತರ ಅಳೆಯುವ ಪಿಚ್ ಗೇಜ್ ಹಿಡಿದು ನೋಡಿ.

ಥ್ರೆಡ್ ಹೋಗಿದ್ದರೆ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಕೊಡುವ ಉಕ್ಕಿನ ತಂತಿ ಸುರುಳಿ, ಹಾಕಬಹುದು. 8.3 ಮಿಮೀ ಕೊರೆದು, ಕಿಟ್‌ನಲ್ಲಿ ಬರುವ ಟ್ಯಾಪನ್ನೇ ಬಳಸಿ. ಮಾಮೂಲಿ ಎಂ8 ಟ್ಯಾಪ್ ನಡೆಯುವುದಿಲ್ಲ. ಸುರುಳಿ ಮೇಲ್ಮೈಗಿಂತ ಅರ್ಧ ಸುತ್ತು ಒಳಗೆ ಕೂರಲಿ. ಸರಿಯಾಗಿ ಕೂತ ಉಕ್ಕಿನ ಸುರುಳಿ ಅಲ್ಯೂಮಿನಿಯಂ ಥ್ರೆಡ್‌ಗಿಂತ ಗಟ್ಟಿ, ಅದರ ಬಗ್ಗೆ ಅನುಮಾನ ಬೇಡ.

ಹೊಸ ಸ್ಟಡ್ ಹಾಕುವ ಮುಂಚೆ ಮ್ಯಾನಿಫೋಲ್ಡ್ ಮುಖಕ್ಕೆ ನೇರಪಟ್ಟಿ ಇಟ್ಟು ನೋಡಿ. 0.10 ಮಿಮೀ ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ನುಸುಳಿದರೆ ನಾನು ಮುಖ ಸಪಾಟು ಮಾಡಿಸುತ್ತೇನೆ, ಇಲ್ಲದಿದ್ದರೆ ಅದೇ ಸ್ಟಡ್ ಮತ್ತೆ ಮುರಿಯುತ್ತದೆ. ಸೈಲೆನ್ಸರ್ ರಬ್ಬರ್, ಎಂಜಿನ್ ಮೌಂಟಿಂಗ್ ಹರಿದಿದ್ದರೆ ಅವನ್ನೂ ಬದಲಿಸಿ, ಆ ಅದುರು ಬಂದು ಬೀಳುವುದು ಸ್ಟಡ್ ಮೇಲೆಯೇ. ಸ್ಟಡ್‌ಗಳು ಹೊಸವು, ಪ್ಯಾಕಿಂಗ್ ಹೊಸದು, ನಟ್ ಸಿಕ್ಕಿದರೆ ತಾಮ್ರದ ಲೇಪ ಇರುವುದು. ನಡುವಿನಿಂದ ತುದಿಗಳ ಕಡೆಗೆ, ಎರಡು ಮೂರು ಹಂತದಲ್ಲಿ ಬಿಗಿ ಮಾಡಿ. ಎಂ8 ನಟ್‌ಗೆ 20 ನ್ಯೂಟನ್ ಮೀಟರ್ ಆಸುಪಾಸು ಸಾಕು, ನಿಮ್ಮ ಗಾಡಿಯ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಸರಿ. ಒಮ್ಮೆ ಚೆನ್ನಾಗಿ ಕಾಯಿಸಿ, ಪೂರ್ತಿ ತಣಿದ ಮೇಲೆ ಟಾರ್ಕ್ ಸ್ಪ್ಯಾನರ್ ಹಿಡಿದು ಎಲ್ಲ ನಟ್‌ಗಳನ್ನೂ ಇನ್ನೊಂದು ಸಲ ನೋಡಿ.