ಹೊಸ ಡಿಎಲ್ ಗೆಳೆಯರ ಗಾಡಿಯಲ್ಲಿ ಮಕ್ಕಳನ್ನು ಕಳಿಸಬಹುದೇ? ನಿರ್ಧರಿಸುವುದು ಹೀಗೆ

ಪಿಯುಸಿ ಮುಗಿಯುವ ಹೊತ್ತಿಗೆ ತರಗತಿಯಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಹದಿನೆಂಟು ತುಂಬಿ ಡಿಎಲ್ ಕೈಗೆ ಬಂದಿರುತ್ತದೆ. ‘ಅವನ ಜೊತೆ ಹೋಗ್ಲಾ?’ ಎಂಬ ಪ್ರಶ್ನೆ ಶುರುವಾಗುವುದೇ ಆಗ. ಗೇಟಿನ ಹೊರಗೆ ಹಾರ್ನ್ ಬಡಿಯುತ್ತಿರುವಾಗ ಯೋಚಿಸಿದರೆ ‘ಹೂಂ, ಹುಷಾರು’ ಎಂಬುದರಾಚೆ ಏನೂ ಹೊಳೆಯದು. ಹಾಗಾಗಿ ಮನೆಯ ನಿಯಮ ಮೊದಲೇ ಗೊತ್ತುಮಾಡಿಕೊಳ್ಳಿ.

ಕ್ಯಾಲಿಫೋರ್ನಿಯಾದಲ್ಲಿ 18 ತುಂಬದ ಹೊಸ ಚಾಲಕರು ಮೊದಲ 12 ತಿಂಗಳು, ಪಕ್ಕದಲ್ಲಿ ದೊಡ್ಡವರಿಲ್ಲದೆ, 20ಕ್ಕಿಂತ ಕಿರಿಯರನ್ನು ಕೂರಿಸಿಕೊಳ್ಳುವಂತಿಲ್ಲ; ರಾತ್ರಿ 11ರಿಂದ ಬೆಳಗಿನ 5ರವರೆಗೆ ಓಡಿಸುವಂತಿಲ್ಲ. ಕಾರಣವಿದೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎಎಎ ಫೌಂಡೇಶನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 16–17ರ ಚಾಲಕರ ಕಾರಿನಲ್ಲಿ 21ಕ್ಕಿಂತ ಚಿಕ್ಕ ಪ್ರಯಾಣಿಕ ಒಬ್ಬನಿದ್ದರೆ ಚಾಲಕರ ಸಾವಿನ ಅಪಾಯ ಶೇ 44ರಷ್ಟು ಹೆಚ್ಚು, ಇಬ್ಬರಿದ್ದರೆ ದುಪ್ಪಟ್ಟು, ಮೂವರು ಅಥವಾ ಹೆಚ್ಚಿದ್ದರೆ ನಾಲ್ಕು ಪಟ್ಟು. 35 ದಾಟಿದವರು ಜೊತೆಗಿದ್ದರೆ ಅದೇ ಅಪಾಯ ಶೇ 62 ಇಳಿಯುತ್ತದೆ. ನಮ್ಮಲ್ಲಿ ಇಂಥ ನಡುವಿನ ಹಂತವೇ ಇಲ್ಲ. ನಿನ್ನೆ ಎಲ್ಎಲ್ (ಕಲಿಕಾ ಪರವಾನಗಿ) ಇದ್ದವರು ಇವತ್ತು ನಾಲ್ಕು ಜನರನ್ನು ತುಂಬಿಕೊಂಡು ನಡುರಾತ್ರಿ ನಂದಿಬೆಟ್ಟಕ್ಕೆ ಹೊರಟರೂ ಕಾನೂನು ಅಡ್ಡ ಬರುವುದಿಲ್ಲ. ಆ ಹಂತವನ್ನು ಮನೆಯವರೇ ಹಾಕಬೇಕು.

ಮೊದಲು ಕಾಗದ ನೋಡಿ

ಕೇಳಲು ಸಂಕೋಚ ಬೇಡ. ಡಿಜಿಲಾಕರ್‌ನಲ್ಲೋ ಎಂಪರಿವಾಹನ್ ಆ್ಯಪ್‌ನಲ್ಲೋ ತೋರಿಸಲು ಅರ್ಧ ನಿಮಿಷ ಸಾಕು. ನೋಡಬೇಕಾದ್ದು ಮೂರು.

ಒಂದು, ಅದು ಡಿಎಲ್ಲೋ ಎಲ್ಎಲ್ಲೋ. ಎಲ್ಎಲ್ ಇರುವವರು ಬೈಕಿನಲ್ಲಿ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಕೂರಿಸುವಂತಿಲ್ಲ.

ಎರಡು, ಯಾವ ವರ್ಗ. ಗೇರಿಲ್ಲದ ಗಾಡಿಯ ಡಿಎಲ್ ಇಟ್ಟುಕೊಂಡು ಅಣ್ಣನ ಬೈಕ್ ಓಡಿಸುವವರು ಬೇಕಾದಷ್ಟಿದ್ದಾರೆ. 16ಕ್ಕೇ ಸಿಗುವ ಪರವಾನಗಿ 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗೆ ಮಾತ್ರ. ಬೀದಿಯಲ್ಲಿ ಕಾಣುವ ಪೆಟ್ರೋಲ್ ಸ್ಕೂಟರ್‌ಗಳು ಬಹುತೇಕ 110 ಅಥವಾ 125 ಸಿಸಿ. ಅಂದರೆ ಹದಿನೇಳರ ಗೆಳತಿ ಅಂಥ ಸ್ಕೂಟರ್‌ನಲ್ಲಿ ಬಂದರೆ ಮಾತು ಅಲ್ಲಿಗೇ ಮುಗಿಯಿತು. 2019ರ ತಿದ್ದುಪಡಿಯಂತೆ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ನಡೆದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು.

ಮೂರು, ವಿಮೆ. ಇದನ್ನು ಯಾರೂ ಕೇಳುವುದಿಲ್ಲ. ದ್ವಿಚಕ್ರ ವಾಹನದ ಬರೀ ಥರ್ಡ್ ಪಾರ್ಟಿ ಪಾಲಿಸಿ ಹಿಂಬದಿ ಸವಾರರಿಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಹಿಂದೆ ಕೂರುವವರಿಗೆ ರಕ್ಷಣೆ ಬೇಕೆಂದರೆ ಕಾಂಪ್ರಹೆನ್ಸಿವ್ ಪಾಲಿಸಿ ಇರಬೇಕು. ಬಾಡಿಗೆ ಸೆಲ್ಫ್ ಡ್ರೈವ್ ಕಾರಾದರೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರವಿದೆಯೇ ನೋಡಿ. ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ತಂದಿದ್ದರೆ ಕ್ಲೇಮ್ ಹೊತ್ತಿಗೆ ತಕರಾರು ಖಚಿತ.

ಒಮ್ಮೆ ನೀವೇ ಕೂತು ನೋಡಿ

ಆರ್‌ಟಿಒ ಟ್ರ್ಯಾಕಿನಲ್ಲಿ ಎಂಟು ಹಾಕಿ, ರಿವರ್ಸ್ ತೋರಿಸಿದರೆ ಪಾಸು. ಮಳೆ, ಕತ್ತಲೆ, ಹೆದ್ದಾರಿ, ಹಿಂದಿನ ಸೀಟಿನ ಗಲಾಟೆ ಯಾವುದೂ ಪರೀಕ್ಷೆಯಲ್ಲಿಲ್ಲ. ‘ನನ್ನನ್ನೂ ಮಾರ್ಕೆಟ್ ತನಕ ಬಿಡಪ್ಪ’ ಎಂದು ಇಪ್ಪತ್ತು ನಿಮಿಷ ಕಾರಿನಲ್ಲಿ ಕೂತರೆ ಬಹಳಷ್ಟು ಗೊತ್ತಾಗುತ್ತದೆ. ನಿಮ್ಮೆದುರು ಎಲ್ಲರೂ ನಿಧಾನವಾಗಿಯೇ ಓಡಿಸುತ್ತಾರೆ, ಹಾಗಾಗಿ ವೇಗ ನೋಡಬೇಡಿ, ಕಣ್ಣು ನೋಡಿ. ಲೇನ್ ಬದಲಿಸುವ ಮುನ್ನ ಕನ್ನಡಿ ನೋಡುತ್ತಾರೆಯೇ? ಮುಂದಿನ ಬಸ್ಸು ನಿಂತ ಮೇಲೆ ಬ್ರೇಕ್ ತುಳಿಯುತ್ತಾರೋ, ಅದರ ಕೆಂಪು ದೀಪ ಹತ್ತಿದ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತಾರೋ? ಫೋನ್ ಮಿಣುಕಿದಾಗ ಕಣ್ಣು ಎತ್ತ ಹೋಗುತ್ತದೆ? 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡು ಫೋನ್ ನೋಡಿದರೆ ಗಾಡಿ ಸುಮಾರು 17 ಮೀಟರ್ ಸಾಗಿರುತ್ತದೆ.

ಸ್ಕೂಟರ್ ಕಥೆ ಬೇರೆ. ನೂರು ಚಿಲ್ಲರೆ ಕಿಲೋ ತೂಕದ ಗಾಡಿಗೆ ಹಿಂದೆ 60 ಕಿಲೋ ಕೂತರೆ ಭಾರವೆಲ್ಲ ಹಿಂದಿನ ಚಕ್ರಕ್ಕೆ ಬೀಳುತ್ತದೆ. ಮುಂಭಾಗ ಹಗುರಾಗಿ ಹ್ಯಾಂಡಲ್ ಅಲುಗುತ್ತದೆ, ಬ್ರೇಕ್ ಹಿಡಿದಾಗ ಹಿಂದಿನವರು ಮುಂದಕ್ಕೆ ಜಾರಿ ಸವಾರರನ್ನು ತಳ್ಳುತ್ತಾರೆ. ಇಬ್ಬರಿಗೆ ಹಿಂದಿನ ಟೈರಿನ ಗಾಳಿ ಹೆಚ್ಚಿಸಬೇಕು (ಕೆಲವು ಸ್ಕೂಟರ್‌ಗಳಲ್ಲಿ ಒಬ್ಬರಿಗೆ 29 ಪಿಎಸ್‌ಐ, ಇಬ್ಬರಿಗೆ 36). ಡಿಎಲ್ ಸಿಕ್ಕ ಮೇಲೆ ಮೊದಲ ಒಂದೆರಡು ತಿಂಗಳು ಒಂಟಿಯಾಗಿ ಓಡಿಸಿದವರ ಹಿಂದೆ ಮಾತ್ರ ಕೂರಲಿ. ಎರಡನೇ ಹೆಲ್ಮೆಟ್ ಇಲ್ಲ ಎಂದರೆ ಪ್ರಯಾಣವೂ ಇಲ್ಲ. ಮೂರನೆಯವರಿಗೆ ಜಾಗವೇ ಇಲ್ಲ. ದುಪಟ್ಟಾ ಹಾರಲು ಬಿಡದೆ ಸೊಂಟಕ್ಕೆ ಬಿಗಿದು ಕಟ್ಟಬೇಕು. ಚಕ್ರಕ್ಕೆ ಸಿಕ್ಕರೆ ಅದು ಎಳೆಯುವುದು ಕುತ್ತಿಗೆಯನ್ನು.

ಆಮೇಲೆ ಪ್ರಯಾಣವನ್ನು ತೂಗಿ

ಮೊದಲ ಆರು ತಿಂಗಳಿಗೆ ಹೀಗಿರಲಿ: ಹಗಲು, ಊರೊಳಗೆ, ಗುರುತಿನ ರಸ್ತೆ, ಕಾರಿನಲ್ಲಿ ಚಾಲಕರ ಜೊತೆ ಒಬ್ಬರೇ, ಇಬ್ಬರಿಗೂ ಬೆಲ್ಟ್. ಆಮೇಲೆ ಒಂದೊಂದನ್ನೇ ಸಡಿಲಿಸಿ. ಕತ್ತಲೆ, ಮಳೆ, ಹೆದ್ದಾರಿಗಳನ್ನು ಒಟ್ಟಿಗೆ ಬಿಡಬೇಡಿ. ಹಿಂದಿನ ಸೀಟಿಗೂ ಬೆಲ್ಟ್ ಕಡ್ಡಾಯ, ಇದರಲ್ಲಿ ರಾಜಿ ಬೇಡ.

ಒಂದು ವರ್ಷದವರೆಗೆ ಬೇಡವೇ ಬೇಡ ಎನ್ನಬೇಕಾದ್ದು ಎರಡು. ಸೂರ್ಯೋದಯ ನೋಡಲು ನಿದ್ದೆಗೆಟ್ಟು ಬೆಳಗಿನ ಜಾವ ಹೊರಡುವ ಟ್ರಿಪ್ ಮೊದಲನೆಯದು. ಘಾಟಿ ರಸ್ತೆ ಎರಡನೆಯದು. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಇಳಿಯುವಾಗ ಹೊಸಬರು ಗೇರ್ ಇಳಿಸದೆ ಬ್ರೇಕ್ ಮೇಲೇ ಕಾಲಿಟ್ಟಿರುತ್ತಾರೆ. ಬ್ರೇಕ್ ಕಾದು, ಕೊನೆಯ ತಿರುವುಗಳಲ್ಲಿ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಬೈಕಿನಲ್ಲಿ ಮೈಸೂರಿಗೆ ಹೋಗುತ್ತೇವೆಂದರೆ, ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ ಎಂಬುದು ಅವರಿಗೆ ಗೊತ್ತಿದೆಯೇ ಕೇಳಿ ನೋಡಿ. ಗೊತ್ತಿಲ್ಲದಿದ್ದರೆ ಉಳಿದ ತಯಾರಿ ಎಷ್ಟೆಂದು ಊಹಿಸಬಹುದು.

ಇಳಿದು ಬರುವ ದಾರಿ

ಚಾಲಕರು ಕುಡಿದಿದ್ದಾರೆ ಅಥವಾ ರೇಸಿಗಿಳಿದಿದ್ದಾರೆ ಎಂದು ಮಕ್ಕಳಿಗೆ ಗೊತ್ತಾಗಿರುತ್ತದೆ. ಗೆಳೆಯರೆದುರು ‘ನಾನು ಬರಲ್ಲ’ ಎನ್ನಲು ಬಾಯಿ ಬರುವುದಿಲ್ಲ, ಅಷ್ಟೇ. ಅದಕ್ಕೆ ಮಾತು ಸಿದ್ಧಮಾಡಿ ಕೊಡಿ: ‘ಅಪ್ಪ ಈ ಕಡೆಗೇ ಬರ್ತಿದ್ದಾರೆ, ಅವರ ಜೊತೆ ಹೋಗ್ತೀನಿ’. ಗಾಡಿಯಲ್ಲಿ ಈಗಾಗಲೇ ಕೂತಿದ್ದರೆ ‘ವಾಂತಿ ಬರ್ತಿದೆ, ನಿಲ್ಸು’ ಎಂದರೆ ನಿಲ್ಲಿಸದ ಚಾಲಕರಿಲ್ಲ. ಮನೆಗೊಂದು ಮೆಸೇಜು ಗುರುತಿಟ್ಟುಕೊಳ್ಳಿ; ‘ಅಜ್ಜಿ ಊಟ ಮಾಡಿದ್ರಾ?’ ಎಂದು ಬಂದರೆ ನೀವೇ ಫೋನ್ ಮಾಡಿ ‘ಎಲ್ಲಿದ್ದೀಯ, ಈಗಲೇ ಬರ್ತೀನಿ’ ಎನ್ನಬೇಕು. ಕರೆತಂದ ರಾತ್ರಿ ವಿಚಾರಣೆ ಇಟ್ಟುಕೊಳ್ಳಬೇಡಿ, ಎರಡನೇ ಸಲ ಮೆಸೇಜೇ ಬರುವುದಿಲ್ಲ. ಆಟೊಗೆಂದು 500 ರೂಪಾಯಿ ನೋಟು ಫೋನ್ ಕವರಿನ ಹಿಂದೆ ಇರಲಿ. ಬ್ಯಾಟರಿ ಸತ್ತರೆ ಯುಪಿಐ ಕೆಲಸಕ್ಕೆ ಬಾರದು.